ಕಡ್ಡಿ ಅಳಿಸುವ ಮುನ್ನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಿಂಚುಳ್ಳಿಯ ಎರಡೂ ಫೋಟೋ ನೋಡಿದೆ. ಒಂದರಲ್ಲಿ ರೆಕ್ಕೆಗೆ ಅಡ್ಡವಾಗಿ ಒಣಕಡ್ಡಿ ಇದೆ, ಇನ್ನೊಂದರಲ್ಲಿ ಅದನ್ನು ಅಳಿಸಿದ್ದೀಯ. ಎಡಿಟಿಂಗ್ ಎಷ್ಟರ ಮಟ್ಟಿಗೆ ಸರಿ ಎಂದು ಕೇಳಿದ್ದೀಯ. ಎಡಿಟ್ ಮಾಡದ ಫೋಟೋ ಮಾತ್ರವೇ ಪ್ರಾಮಾಣಿಕ ಎಂದು ಗೆಳೆಯರು ವಾದಿಸುತ್ತಾರಂತೆ. ಆ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕು.

ಕ್ಯಾಮೆರಾದಿಂದ ನೇರವಾಗಿ ಬಂದ ಫೋಟೋ ಕೂಡ ಎಡಿಟ್ ಆದದ್ದೇ. ಬಹುತೇಕ ಕ್ಯಾಮೆರಾಗಳ ಸೆನ್ಸರಿನಲ್ಲಿ, ಅಂದರೆ ಬೆಳಕನ್ನು ಹಿಡಿಯುವ ಚಿಪ್ಪಿನಲ್ಲಿ, ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿ ತುಂಬುತ್ತಾರೆ. ನಾವು ಸಾಮಾನ್ಯವಾಗಿ ನೋಡುವ ಜೆಪೆಗ್ ಫೈಲ್ ಆಗಿ ಹೊರಬರುವಷ್ಟರಲ್ಲಿ ಬಣ್ಣ, ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎಲ್ಲವನ್ನೂ ಕ್ಯಾಮೆರಾ ತಯಾರಿಸಿದ ಎಂಜಿನಿಯರುಗಳು ನಿನ್ನ ಪರವಾಗಿ ತೀರ್ಮಾನಿಸಿಬಿಟ್ಟಿರುತ್ತಾರೆ. ಅದೇ ತೀರ್ಮಾನವನ್ನು ರಾ ಫೈಲ್, ಅಂದರೆ ಸೆನ್ಸರ್ ಅಳೆದದ್ದನ್ನು ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡ ಫೈಲ್, ತೆರೆದು ನೀನೇ ಮಾಡಿದರೆ ಮೋಸ ಹೇಗಾದೀತು? 14 ಬಿಟ್‌ನ ರಾ ಫೈಲ್ 16,384 ಹಂತಗಳ ಬೆಳಕನ್ನು ಹಿಡಿದಿಡಬಲ್ಲದು, ಜೆಪೆಗ್ ಒಂದು ಬಣ್ಣಕ್ಕೆ 256 ಮಾತ್ರ. ನೆರಳಲ್ಲಿ ಮುಳುಗಿದ ಗರಿಗಳನ್ನು ಮೇಲೆತ್ತಿ ತೋರಿಸುವುದಕ್ಕೇ ಇರುವ ಅನುಕೂಲ ಅದು. ಧಾರಾಳವಾಗಿ ಬಳಸಿಕೋ.

ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ಪ್ರಿಂಟ್ ಮಾಡುತ್ತಿದ್ದ ಡಾರ್ಕ್‌ರೂಮಿನ ಕಾಲದಲ್ಲೂ ಹೀಗೇ ಇತ್ತು. ನೆಗೆಟಿವ್ ಅನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಎನ್‌ಲಾರ್ಜರಿನ ಬೆಳಕಿಗೆ ಕೈ ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುತ್ತಿದ್ದರು, ಇನ್ನೊಂದಕ್ಕೆ ಹೆಚ್ಚು ಬೆಳಕು ಕೊಟ್ಟು ಕಪ್ಪಾಗಿಸುತ್ತಿದ್ದರು. ಇವತ್ತಿಗೂ ಸಾಫ್ಟ್‌ವೇರಿನಲ್ಲಿ ಅವುಗಳ ಹೆಸರು ಡಾಡ್ಜ್, ಬರ್ನ್ ಎಂದೇ ಉಳಿದಿದೆ. ಅಮೆರಿಕದ ಹೆಸರಾಂತ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ಅಲ್ಲಿನ ಹರ್ನಾಂಡೆಜ್ ಎಂಬ ಊರಿನ ಮೇಲೆ ಮೂಡಿದ ಚಂದ್ರನನ್ನು ತೆಗೆದರು. ಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿತ್ತು, ವರ್ಷಗಳು ಕಳೆದಂತೆ ಅವರೇ ಅದನ್ನು ಕಡುಗಪ್ಪಿನವರೆಗೆ ಒಯ್ದರು. ನೆಗೆಟಿವ್ ಒಂದೇ. ಚಂದ್ರ, ಊರು, ಅಲ್ಲಿನ ಸಮಾಧಿಗಳ ಶಿಲುಬೆಗಳು ಇದ್ದ ಜಾಗದಲ್ಲೇ ಇದ್ದವು.

ಹಾಗಾದರೆ ಗೆರೆ ಎಲ್ಲಿ? ಫೋಟೋ ಜೊತೆಗೆ ನೋಡುಗರಿಗೆ ನೀನು ಏನೆಂದು ಹೇಳುತ್ತಿದ್ದೀಯ, ಅಲ್ಲಿ. "ಇದು ನನ್ನ ಕಣ್ಣೆದುರು ನಡೆದದ್ದು" ಎಂದು ಕೊಟ್ಟಮೇಲೆ ಲೆನ್ಸಿನ ಮುಂದಿದ್ದ ಯಾವುದನ್ನೂ ಅಳಿಸುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗೂ ಇಲ್ಲ. ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿದ್ದ ಛಾಯಾಗ್ರಾಹಕ ನಾರ್ಸಿಸೊ ಕಾಂಟ್ರೆರಾಸ್ ಸಿರಿಯಾದಲ್ಲಿ ತೆಗೆದ ಒಂದು ಚಿತ್ರದ ಮೂಲೆಯಿಂದ ಸಹೋದ್ಯೋಗಿಯ ವಿಡಿಯೋ ಕ್ಯಾಮೆರಾ ಅಳಿಸಿದ್ದು ಗೊತ್ತಾಗಿ, 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅವರೊಡನೆ ಸಂಬಂಧ ಕಡಿದುಕೊಂಡಿತು. ಆ ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ ಸುದ್ದಿ ಬದಲಾಗುತ್ತಿರಲಿಲ್ಲ. ಶಿಕ್ಷೆ ಕಠೋರ ಅನ್ನಿಸಬಹುದು, ಆದರೂ ಅದು ಸರಿಯೆಂದೇ ನಾನು ಹೇಳುತ್ತೇನೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೆಗೆದವನೇ ಗುಟ್ಟಾಗಿ ನಿರ್ಧರಿಸತೊಡಗಿದರೆ ನೋಡುವವರು ಉಳಿದ ಚಿತ್ರಗಳನ್ನು ಯಾವ ಧೈರ್ಯದಿಂದ ನಂಬಬೇಕು?

ಏನನ್ನೂ ಅಳಿಸದೆ, ಸೇರಿಸದೆಯೂ ಸುಳ್ಳು ಹೇಳಬಹುದು ಎನ್ನುವುದನ್ನೂ ಮರೆಯಬೇಡ. 1994ರಲ್ಲಿ ಅಮೆರಿಕದ ಫುಟ್‌ಬಾಲ್ ತಾರೆ ಒ.ಜೆ. ಸಿಂಪ್ಸನ್ ಕೊಲೆ ಆರೋಪದಲ್ಲಿ ಬಂಧನವಾದಾಗ ಪೊಲೀಸರು ತೆಗೆದ ಒಂದೇ ಫೋಟೋವನ್ನು ಟೈಮ್, ನ್ಯೂಸ್‌ವೀಕ್ ಪತ್ರಿಕೆಗಳೆರಡೂ ಮುಖಪುಟಕ್ಕೆ ಹಾಕಿದವು. ಟೈಮ್ ಪತ್ರಿಕೆಯದರಲ್ಲಿ ಮುಖ ತುಂಬ ಕಪ್ಪಾಗಿತ್ತು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕ ಕಂಡಾಗ ಜನ ಸಿಟ್ಟಾದರು. ಕಪ್ಪು ಮನುಷ್ಯನನ್ನು ಇನ್ನಷ್ಟು ಕಪ್ಪಾಗಿಸಿ ವಿಚಾರಣೆಗೆ ಮೊದಲೇ ಭಯಾನಕನನ್ನಾಗಿ ತೋರಿಸಿದ್ದೀರಿ ಎಂದರು. ಆ್ಯಡಮ್ಸ್ ಆಕಾಶಕ್ಕೆ ಮಾಡಿದ್ದೂ ಅದೇ ಕೆಲಸ, ಆದರೆ ಅದರಿಂದ ಯಾರ ಮೇಲೂ ಆರೋಪ ಬೀಳಲಿಲ್ಲ. ಸಾಫ್ಟ್‌ವೇರಿನಲ್ಲಿ ಬೆಳಕು-ಬಣ್ಣ ಹೊಂದಿಸುವ ಸ್ಲೈಡರ್ ಎಷ್ಟು ದೂರ ಎಳೆದೆ ಎಂಬ ಲೆಕ್ಕದಿಂದ ಚಿತ್ರ ಸುಳ್ಳೋ ನಿಜವೋ ಎಂದು ಅಳೆಯಲಾಗದು.

ಈಗ ನಿನ್ನ ಮಿಂಚುಳ್ಳಿ. ಸ್ಪರ್ಧೆಯ ವನ್ಯಜೀವಿ ವಿಭಾಗಕ್ಕೆ ಕಳಿಸುವುದಾದರೆ ಕಡ್ಡಿ ಇರುವುದನ್ನೇ ಕಳಿಸು. ಅಂತಿಮ ಸುತ್ತಿಗೆ ಬಂದವರಿಂದ ದೊಡ್ಡ ಸ್ಪರ್ಧೆಗಳು ರಾ ಫೈಲ್ ಕೇಳಿ ಹೋಲಿಸುತ್ತವೆ ಎನ್ನುವುದು ಒಂದು ಕಾರಣ, ಆದರೆ ಸಣ್ಣ ಕಾರಣ. ಹಕ್ಕಿ ಕೂತದ್ದು ಕಡ್ಡಿಗಳ ನಡುವೆಯೇ ತಾನೇ! ಸೆನ್ಸರಿನ ಮೇಲಿನ ಧೂಳಿನ ಚುಕ್ಕೆಯನ್ನು ಸಾಮಾನ್ಯವಾಗಿ ಅಳಿಸಬಹುದು, ಅದು ಆ ದೃಶ್ಯದಲ್ಲಿ ಇರಲೇ ಇಲ್ಲ. ಆದರೂ ನಿಯಮ ಒಮ್ಮೆ ಓದಿಕೋ. ಕಡ್ಡಿಯಿಲ್ಲದ ಚಿತ್ರ ನಿನಗೆ ಅಷ್ಟು ಇಷ್ಟವಾಗಿದ್ದರೆ ಗೋಡೆಗೆ ಹಾಕಿಕೋ, ಕಲಾ ವಿಭಾಗಕ್ಕೆ ಕಳಿಸು, ಅಡಿಬರಹದಲ್ಲಿ ಅಳಿಸಿದ್ದನ್ನು ಬರೆ. ನನಗಂತೂ ಆ ಕಡ್ಡಿ ಅಡ್ಡಿ ಅನ್ನಿಸಲಿಲ್ಲ.

ಮುಖಗಳ ವಿಷಯದಲ್ಲಿ ಇನ್ನೂ ಜೋಪಾನವಾಗಿರು. ವಾರದಲ್ಲಿ ಮಾಯವಾಗುವ ಮೊಡವೆ ತೆಗೆದರೆ ನಷ್ಟವಿಲ್ಲ. ಮಚ್ಚೆ, ಗಾಯದ ಗುರುತು, ಸುಕ್ಕು ಇವು ಅವರವರ ಸ್ವತ್ತು, ಕೇಳದೆ ಮುಟ್ಟಬೇಡ. ನಾರ್ವೆಯಲ್ಲಿ 2022ರಿಂದ ಜಾಹೀರಾತಿನಲ್ಲಿ ಮೈಕಟ್ಟನ್ನೋ ಚರ್ಮವನ್ನೋ ತಿದ್ದಿದ್ದರೆ ಹಾಗೆಂದು ಚಿತ್ರದ ಮೇಲೇ ನಮೂದಿಸಬೇಕು. ಮೈಬಣ್ಣ ಬೆಳ್ಳಗೆ ಮಾಡಿಕೊಡು ಎಂದು ಯಾರಾದರೂ ಕೇಳಿದರೆ, ಒಳ್ಳೆಯ ಬೆಳಕಿನಲ್ಲಿ ಸರಿಯಾದ ಎಕ್ಸ್‌ಪೋಶರ್‌ನಲ್ಲಿ ತೆಗೆದ ಅವರದೇ ಮುಖವನ್ನು ಮೊದಲು ತೋರಿಸು. ಬಹಳ ಮಂದಿ ತಮ್ಮನ್ನು ಹಾಗೆ ನೋಡಿಕೊಂಡೇ ಇರುವುದಿಲ್ಲ.

ಇತಿ,
ನಿನ್ನ ದೊಡ್ಡಮ್ಮ