ಮೂರನೇ ಲೈನಿನ ಅಣ್ಣನಿಗೆ, ಮತ್ತು ಇನ್ನೂ ಕೆಲವರಿಗೆ

ನಿನ್ನೆ ಬೆಳಿಗ್ಗೆ ಪೀಣ್ಯದಿಂದ ವಾಟ್ಸಾಪಿಗೆ ಒಂದು ಫೋಟೊ ಬಂತು. ಅಂಚಿನಲ್ಲಿ ಎಣ್ಣೆಬೆರಳಿನ ಗುರುತಿರುವ ಮಾನಿಟರು, ಅದರಲ್ಲಿ ಕಪ್ಪು ಟರ್ಮಿನಲ್ಲು, ಟರ್ಮಿನಲ್ಲಿನಲ್ಲಿ ‘ಅಪ್ 100 ಡೇಸ್’ ಅನ್ನುವ ಸಾಲು. ನೂರು ದಿನದಿಂದ ಆ ಯಂತ್ರವನ್ನು ಯಾರೂ ರೀಬೂಟ್ ಮಾಡಬೇಕಾಗಿ ಬಂದಿಲ್ಲ. ಅದಕ್ಕೂ ಮುಂಚಿನ ಏಳು ವಾರ ಅದು ವಾರಕ್ಕೆ ಎರಡು ಮೂರು ಸಲ ಮಕಾಡೆ ಮಲಗುತ್ತಿತ್ತು. ಆ ಏಳು ವಾರದಲ್ಲಿ ನನಗೆ ಸಹಾಯ ಮಾಡಿದವರಿಗೆ ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಫೋಟೊ ನೋಡಿದ ಮೇಲೆ ಇನ್ನು ತಡಮಾಡುವುದು ಬೇಡ ಅನ್ನಿಸಿತು.

ನಮ್ಮದು ಸಣ್ಣ ಕಂಪನಿ. ಕಾರ್ಖಾನೆಗಳಲ್ಲಿ ಮಾಲು ತಪಾಸಣೆ ಮಾಡುವ ಕ್ಯಾಮೆರಾ ಕಾರ್ಡು ಮಾಡುತ್ತೇವೆ, ಆ ಕಾರ್ಡನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಓಡಿಸುವ ಕೋಡು, ಅಂದರೆ ಅದರ ಡ್ರೈವರ್, ನೋಡಿಕೊಳ್ಳುವುದು ನನ್ನ ಕೆಲಸ. ಪೀಣ್ಯದ ಆ ಕಾರ್ಖಾನೆಯಲ್ಲಿ ಬೇರಿಂಗಿನ ರಿಂಗುಗಳು ಬೆಲ್ಟ್ ಮೇಲೆ ಸಾಗುತ್ತವೆ, ಕ್ಯಾಮೆರಾ ಒಂದೊಂದರ ಚಿತ್ರ ತೆಗೆದು ಗೀರು ಇದೆಯೇ ಎಂದು ನೋಡುತ್ತದೆ. ಕಂಪ್ಯೂಟರು ನಿಂತರೆ ಬೆಲ್ಟೂ ನಿಲ್ಲುತ್ತದೆ.

ಮೊದಲು ನಾನು ರ‍್ಯಾಮ್ ಮೇಲೆ ಅನುಮಾನಪಟ್ಟೆ. ಬದಲಾಯಿಸಿದೆವು. ಆಮೇಲೆ ಪವರ್ ಸಪ್ಲೈ. ಅದನ್ನೂ ಬದಲಾಯಿಸಿದೆವು. ಇಡೀ ಮದರ್‌ಬೋರ್ಡೇ ಹೊಸದು ಬಂದ ಮೂರನೇ ದಿನಕ್ಕೆ ಮತ್ತೆ ಹ್ಯಾಂಗ್ ಆದಾಗ, ತಪ್ಪು ನಮ್ಮ ಕೋಡಿನಲ್ಲೇ ಇದೆ ಎಂದು ಒಪ್ಪಿಕೊಳ್ಳದೆ ದಾರಿ ಇರಲಿಲ್ಲ.

ಮೊದಲ ಸುಳಿವು ಕೊಟ್ಟಿದ್ದು ನಮ್ಮಲ್ಲಿ ಇಂಟರ್ನ್ ಆಗಿದ್ದ ಹುಡುಗಿ. ಕೆಟ್ಟುಹೋಗಿದ್ದ ಒಂದು ಲಾಗ್ ಫೈಲನ್ನು ನಾನು ‘ಹಾಳಾಗಿದೆ’ ಎಂದು ಪಕ್ಕಕ್ಕಿಟ್ಟಿದ್ದೆ. ಅವಳು ಅದನ್ನು ಬಿಡಿಸಿ ನೋಡಿ, ನಡುವೆ ಸರಿಯಾಗಿ 4096 ಬೈಟಿನಷ್ಟು ಕಸ ಇದೆ ಎಂದಳು. ಮೆಮೊರಿಯನ್ನು ಕರ್ನಲ್, ಅಂದರೆ ಲಿನಕ್ಸಿನ ತಿರುಳಿನ ಭಾಗ, ಹಂಚುವುದೇ 4096 ಬೈಟಿನ ಪುಟಗಳಲ್ಲಿ. ಅವಳು ಅಲ್ಲಿಗೂ ಬಿಡಲಿಲ್ಲ. ಆ ಬೈಟುಗಳನ್ನು ಬೂದುಬಣ್ಣದ ಚುಕ್ಕೆಗಳಾಗಿ ಬರೆದು ತೋರಿಸಿದಳು: ಕತ್ತಲು, ನಡುವೆ ಹೊಳೆಯುವ ಪಟ್ಟಿ, ಮತ್ತೆ ಕತ್ತಲು, ಅದರ ಕೆಳಗೆ ಇನ್ನೊಂದು ಸಲ ಹಾಗೇ. ನಮ್ಮ ಕ್ಯಾಮೆರಾ ಚಿತ್ರದ ಒಂದು ಸಾಲಿಗೆ 2048 ಚುಕ್ಕೆ. ಎರಡು ಸಾಲಿಗೆ 4096. ಯಾರದೋ ಲಾಗ್ ಫೈಲಿನೊಳಗೆ ಬೇರಿಂಗ್ ರಿಂಗಿನ ಎರಡು ಗೆರೆ ಬಂದು ಕೂತಿದ್ದವು.

ಮೆಮೊರಿಯ ತಪ್ಪು ಹಿಡಿಯಲೆಂದು ಆನ್ ಮಾಡಿಟ್ಟಿದ್ದ ಕೆಸಾನ್ (KASAN) ಯಾಕೆ ಬಾಯಿ ಬಿಡಲಿಲ್ಲ ಎಂಬುದೂ ಆಗ ತಿಳಿಯಿತು. 2015ರಲ್ಲಿ ಕರ್ನಲ್ಲಿನ 4.0 ಆವೃತ್ತಿಗೆ ಸೇರಿದ ಈ ಕಾವಲುಗಾರ, ಮೆಮೊರಿಯ ಪ್ರತಿ 8 ಬೈಟಿಗೆ 1 ಬೈಟಿನ ಲೆಕ್ಕ ಇಟ್ಟುಕೊಂಡು, ಬಿಟ್ಟುಕೊಟ್ಟ ಜಾಗವನ್ನು ಯಾರಾದರೂ ಮುಟ್ಟಿದರೆ ಕೂಗುತ್ತದೆ. ಆದರೆ ಅದು ಕಾಯುವುದು ಪ್ರೊಸೆಸರ್ ಓಡಿಸುವ ಕರ್ನಲ್ ಕೋಡನ್ನು. ಕ್ಯಾಮೆರಾ ಕಾರ್ಡು ಪ್ರೊಸೆಸರನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯುತ್ತದೆ. ಮುಂಬಾಗಿಲಲ್ಲಿ ವಾಚ್‌ಮನ್ ಕೂರಿಸಿ ಹಿತ್ತಿಲ ಬಾಗಿಲು ತೆಗೆದಿಟ್ಟಿದ್ದೆ ನಾನು.

ಯಾಕೆ ಎಂಬುದು ಗೊತ್ತಾಯಿತು, ಯಾವಾಗ ಎಂಬುದು ಗೊತ್ತಾಗಲಿಲ್ಲ. ನಮ್ಮ ಆಫೀಸಿನ ಯಂತ್ರದಲ್ಲಿ ವಾರಗಟ್ಟಲೆ ಓಡಿಸಿದರೂ ಏನೂ ಆಗುತ್ತಿರಲಿಲ್ಲ. ಪೀಣ್ಯಕ್ಕೇ ಹೋಗಿ ಕೂತೆ. ಎರಡನೇ ದಿನ ಊಟದ ಹೊತ್ತಿಗೆ ಮೂರನೇ ಲೈನಿನ ಆಪರೇಟರ್ ಅಣ್ಣ ಒಂದು ಹಳೆಯ ಡೈರಿ ತಂದು ಮುಂದಿಟ್ಟರು. ‘ಮೇಡಂ, ಇದು ನಿಮಗೆ ಉಪಯೋಗಕ್ಕೆ ಬರುತ್ತೇನೋ ನೋಡಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.’

ಅದರಲ್ಲಿ ನೀಲಿ ಪೆನ್ನಿನಲ್ಲಿ ಹೀಗಿತ್ತು: ‘14ನೇ ತಾ. ಮ. 2-25 ಕಂಪ್ಯೂಟರ್ ಹ್ಯಾಂಗ್. ಕೆಂಪು ಒತ್ತಿ 20 ನಿ. ಆಗಿತ್ತು.’ ಕೆಳಗೆ: ‘17ನೇ ತಾ. ರಾ. 10-40. ಕೆಂಪು ಒತ್ತಿದ ಮೇಲೆ.’ ಹೀಗೆ ಎರಡು ಪುಟ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಎಲ್ಲವೂ ಶಿಫ್ಟು ಬದಲಾಗುವ ಹೊತ್ತಿನ ಸುತ್ತಮುತ್ತ.

‘ಕೆಂಪು ಅಂದ್ರೆ ಏನಣ್ಣ?’

ಅವರು ಪರದೆಯ ಮೂಲೆಯಲ್ಲಿದ್ದ ಕೆಂಪು ಐಕಾನ್ ತೋರಿಸಿದರು. ನಮ್ಮ ತಪಾಸಣೆ ಪ್ರೋಗ್ರಾಮನ್ನು ಪದ್ಧತಿ ಪ್ರಕಾರ ಮುಚ್ಚಲು ಪಾಸ್‌ವರ್ಡ್ ಬೇಕು, ಹೊತ್ತು ಹಿಡಿಯುತ್ತದೆ. ಅದಕ್ಕೆ ಇನ್‌ಸ್ಟಾಲೇಶನ್ನಿಗೆ ಹೋಗಿದ್ದ ನಮ್ಮವರೇ ಯಾರೋ ‘ಕಿಲ್ -9’ ಹೊಡೆಯುವ, ಅಂದರೆ ಪ್ರೋಗ್ರಾಮನ್ನು ಇದ್ದಲ್ಲೇ ಬಲವಂತವಾಗಿ ನಿಲ್ಲಿಸುವ, ಒಂದು ಶಾರ್ಟ್‌ಕಟ್ ಮಾಡಿಕೊಟ್ಟು ಬಂದಿದ್ದರು. ಆಫೀಸಿನಲ್ಲಿ ನಾವು ಯಾರೂ ಪ್ರೋಗ್ರಾಮನ್ನು ಹಾಗೆ ಕೊಲ್ಲುತ್ತಿರಲಿಲ್ಲ.

ಆ ರಾತ್ರಿ ಪ್ರೋಗ್ರಾಮನ್ನು ಶುರು ಮಾಡಿ, ಕೊಂದು, ಮತ್ತೆ ಶುರು ಮಾಡುವ ಸಣ್ಣ ಸ್ಕ್ರಿಪ್ಟ್ ಬರೆದು, ಮೆಮೊರಿ ತಪಾಸಣೆಗಳನ್ನೆಲ್ಲ ಆನ್ ಮಾಡಿದ ಕರ್ನಲ್ ಮೇಲೆ ಓಡಲು ಬಿಟ್ಟೆ. ಕಾಫಿ ಮುಗಿಯುವ ಮೊದಲೇ ಪರದೆ ತುಂಬ ‘ಬ್ಯಾಡ್ ಪೇಜ್ ಸ್ಟೇಟ್’, ಪುಟದ ಲೆಕ್ಕ ಕೆಟ್ಟಿದೆ ಎಂಬ ದೂರು. ಯಾರ ಬಳಿಯೂ ಇರದ, ಸೊನ್ನೆ ಇರಬೇಕಾದ ಪುಟವೊಂದರ ರೆಫರೆನ್ಸ್ ಕೌಂಟು (ಅದನ್ನು ಎಷ್ಟು ಕಡೆ ಹಿಡಿದಿದ್ದಾರೆ ಎಂಬ ಲೆಕ್ಕ) -1024 ಎಂದಿತ್ತು.

ನನ್ನ ಮಟ್ಟಿಗೆ ಇಡೀ ಕಥೆಯ ಅತಿ ಸುಂದರವಾದ ಅಂಕಿ ಅದು. ಮಾಮೂಲಿ ಯಾರಾದರೂ ಒಂದು ಸಲ ಹೆಚ್ಚಿಗೆ ಬಿಟ್ಟಿದ್ದರೆ -1 ಬರಬೇಕು. 2020ರಲ್ಲಿ ಕರ್ನಲ್ಲಿಗೆ ಬಂದ ‘ಪಿನ್ ಯೂಸರ್ ಪೇಜಸ್’ ಅನ್ನುವ ಏರ್ಪಾಡಿನಲ್ಲಿ, ಸಾಧನಗಳಿಗಾಗಿ ಹಿಡಿದಿಟ್ಟ ಸಾಮಾನ್ಯ ಪುಟದ ಲೆಕ್ಕಕ್ಕೆ 1 ಅಲ್ಲ, 1024 ಕೂಡಿಸುತ್ತಾರೆ, ಬಿಡುವಾಗ ಅಷ್ಟೇ ಕಳೆಯುತ್ತಾರೆ. ಅಂದರೆ ಆ ಅಂಕಿಯಲ್ಲೇ ತಪ್ಪು ಮಾಡಿದವರ ವಿಳಾಸ ಇತ್ತು: ಪಿನ್ ಮಾಡದ ಪುಟವನ್ನು ಅನ್‌ಪಿನ್ ಮಾಡಿದ್ದಾರೆ. ಆ ಯಂತ್ರದಲ್ಲಿ ಪಿನ್ ಮಾಡುವ ಡ್ರೈವರ್ ನಮ್ಮದೊಂದೇ. ಈ ವ್ಯವಸ್ಥೆ ಮಾಡಿದವರಿಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಬಿಡಿಸಿ ಬಿಡಿಸಿ ಕರ್ನಲ್ ದಾಖಲೆಯಲ್ಲಿ ಬರೆದಿಟ್ಟವರಿಗೆ, ದೊಡ್ಡ ನಮಸ್ಕಾರ. ರಾತ್ರಿ ಒಂದು ಗಂಟೆಗೆ ಓದಿದರೂ ಅರ್ಥವಾಗುವ ದಾಖಲೆ ಬರೆಯುವವರು ಕಡಿಮೆ.

ತಪ್ಪು ಏನೆಂದು ಮದುವೆಮನೆ ಲೆಕ್ಕದಲ್ಲಿ ಹೇಳಿದರೆ ಸುಲಭ. ನೀವು 256 ಪಾತ್ರೆ ಬಾಡಿಗೆಗೆ ಕೇಳಿದಿರಿ. ಅಂಗಡಿಯವರು 211 ಕೊಡುವಷ್ಟರಲ್ಲಿ ಮದುವೆಯೇ ನಿಂತುಹೋಯಿತು. ಹಿಂತಿರುಗಿಸಬೇಕಾದ್ದು 211. ನೀವೋ ಪಟ್ಟಿ ಹಿಡಿದು 256ನ್ನೂ ವಾಪಸ್ ಜಮಾ ಮಾಡಿಸಿದಿರಿ. ಮಿಕ್ಕ 45 ಸಾಲಿನಲ್ಲಿ ಇದ್ದದ್ದು ಹಿಂದಿನ ಮದುವೆಯ ಪಟ್ಟಿ, ಯಾಕೆಂದರೆ ಅದೇ ಪುಸ್ತಕ, ಹಳೆಯದನ್ನು ಯಾರೂ ಅಳಿಸಿಲ್ಲ. ಆ 45 ಪಾತ್ರೆ ಈಗ ಇನ್ನೊಬ್ಬರ ಮನೆಯಲ್ಲಿ ಒಲೆಯ ಮೇಲಿವೆ.

ನಮ್ಮ ಒಂದು ಚಿತ್ರಕ್ಕೆ 1 ಎಂಬಿ, ಅಂದರೆ 256 ಪುಟ. ಪಿನ್ ಮಾಡುವ ಕೆಲಸ ಅರ್ಧದಲ್ಲಿರುವಾಗ ಕೆಂಪು ಐಕಾನ್ ಒತ್ತಿದರೆ ಕರ್ನಲ್ ಅಲ್ಲಿಗೇ ನಿಲ್ಲಿಸಿ ‘ಇಷ್ಟೇ ಸಿಕ್ಕಿತು’ ಎಂದು ಹೇಳುತ್ತದೆ. ಡ್ರೈವರ್ ಮಾತ್ರ ಸಿಕ್ಕಷ್ಟರ ಬದಲು ಕೇಳಿದಷ್ಟನ್ನೂ ಅನ್‌ಪಿನ್ ಮಾಡುತ್ತಿತ್ತು. ಹಳೆಯ ಪಟ್ಟಿಯ ಪುಟ ಯಾರ ಬಳಿಯೂ ಇರದಿದ್ದರೆ -1024. ಯಾರೋ ಬಳಸುತ್ತಿದ್ದರೆ, ಅವರು ಬಿಟ್ಟ ಮೇಲೂ ಲೆಕ್ಕ ಸೊನ್ನೆಗೆ ಬರದೆ, ಅದು ಮತ್ತೆಂದೂ ಕರ್ನಲ್ಲಿಗೆ ವಾಪಸ್ ಬರುವುದಿಲ್ಲ. ಅದೇ ಪುಟಕ್ಕೆ ಕ್ಯಾಮೆರಾ ಇನ್ನೂ ಬರೆಯುತ್ತಿದ್ದರೆ, ಹಿಡಿತ ತಪ್ಪಿದ ಪುಟ ಬೇರೆಯವರ ಪಾಲಾಗಿ, ಲಾಗ್ ಫೈಲಿನಲ್ಲಿ ಬೇರಿಂಗು ಮೂಡುತ್ತದೆ.

ಡ್ರೈವರಿನ ಆ ಭಾಗ ಬರೆದವರು ಕಂಪನಿ ಬಿಟ್ಟು ಮೂರು ವರ್ಷವಾಗಿದೆ. ಖಾತ್ರಿ ಮಾಡಿಕೊಳ್ಳಲು ಹಿಂಜರಿಯುತ್ತಲೇ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. ಅವರು ಲ್ಯಾಪ್‌ಟಾಪ್ ತೆಗೆಯದೆ, ನೆನಪಿನಿಂದಲೇ, ‘ಪ್ರತಿ ಚಿತ್ರಕ್ಕೂ ಹೊಸ ಪಟ್ಟಿ ಯಾಕೆ ಅಂತ ನಾನೇ ಹಳೇದನ್ನ ಉಳಿಸಿಕೊಂಡಿದ್ದೆ. ಅದು ಸರಿ ಇದೆ. ಕೆಳಗೆ ಎರರ್ ಕಡೆ ಯಾವ ಸಂಖ್ಯೆ ಕೊಟ್ಟಿದ್ದೀನಿ ನೋಡು’ ಅಂದರು. ನೋಡಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, ‘ನನ್ನದೇ ತಪ್ಪು ಕಣಮ್ಮ’ ಅಂದರು. ಆಗ ಡೆಡ್‌ಲೈನ್ ಇತ್ತು, ರಿವ್ಯೂ ಮಾಡಿದವರು ನೋಡಬೇಕಿತ್ತು ಎಂದೆಲ್ಲ ಏನೂ ಇಲ್ಲ. ಅದನ್ನು ರಿವ್ಯೂ ಮಾಡಿದ್ದವಳು ನಾನು.

ತಿದ್ದಿದ್ದು ಒಂದೇ ಪದ. ಕೇಳಿದ ಸಂಖ್ಯೆಯ ಬದಲು ಸಿಕ್ಕ ಸಂಖ್ಯೆ.

ಏಳು ವಾರದಲ್ಲಿ ಒಮ್ಮೆಯೂ ‘ಇನ್ನೆಷ್ಟು ದಿನ’ ಎಂದು ಕೇಳದ ನಮ್ಮ ಮ್ಯಾನೇಜರಿಗೆ ಋಣಿ. ತೀರ್ಥಹಳ್ಳಿಯಿಂದ ದಿನಾ ಫೋನ್ ಮಾಡಿ ‘ಹುಳ ಸಿಕ್ತಾ?’ ಎಂದು ಕೇಳುತ್ತಿದ್ದ ಅಪ್ಪನಿಗೂ. ಅವರಿಗೆ ಆಗ ಅಡಿಕೆ ಕೊಳೆರೋಗದ ಚಿಂತೆ, ಬೋರ್ಡೋ ಹೊಡೆಯಲು ಮಳೆ ಬಿಡುತ್ತಿರಲಿಲ್ಲ. ‘ನಂದೂ ಬಿಡ್ತಿಲ್ಲ, ನಿಂದೂ ಸಿಗ್ತಿಲ್ಲ’ ಎಂದು ನಕ್ಕು ಫೋನ್ ಇಡುತ್ತಿದ್ದರು. ‘ಡರ್ಟಿ ಕೌ’ ಅನ್ನುವ ಹಳೆಯ ದೋಷವನ್ನು ನೆನಪಿಸಿ ಸಮಾಧಾನ ಹೇಳಿದ ಗೆಳತಿಗೂ ಥ್ಯಾಂಕ್ಸ್. ಬಳಕೆದಾರರ ಪುಟ ಹಿಡಿದಿಡುವ ಇದೇ ಓಣಿಯಲ್ಲಿ, ಲಿನಕ್ಸಿನ ಮುಖ್ಯ ಕೋಡಿನಲ್ಲೇ, ಆ ದೋಷ 2007ರಿಂದ 2016ರವರೆಗೆ ಇತ್ತು. ಒಂಬತ್ತು ವರ್ಷದ ಮುಂದೆ ಏಳು ವಾರ ಎಷ್ಟರದ್ದು ಅಂದಳು. ನಿಜ ಹೇಳಬೇಕೆಂದರೆ ಅವತ್ತು ಸಮಾಧಾನವೇನೂ ಆಗಲಿಲ್ಲ.

ಲಿನಕ್ಸಿನವರ ಪದ್ಧತಿಯಂತೆ ನಾವೂ ಪ್ಯಾಚಿನ, ಅಂದರೆ ಕೋಡಿನ ತಿದ್ದುಪಡಿಯ, ಕೆಳಗೆ ದೋಷ ತಿಳಿಸಿದವರ ಹೆಸರು, ಇಮೇಲ್ ಹಾಕುತ್ತೇವೆ. ಅಣ್ಣನನ್ನು ಕೇಳಿದೆ. ‘ಇಮೇಲ್ ಎಲ್ಲ ಇಲ್ಲ ಮೇಡಂ. ಹೆಸರೂ ಬೇಡ, ಆಮೇಲೆ ಏನಾದ್ರೂ ಆದ್ರೆ ನನ್ನನ್ನೇ ಕೇಳ್ತಾರೆ. ಮೂರನೇ ಲೈನು ಅಂತ ಹಾಕಿ’ ಅಂದರು. ‘ರಿಪೋರ್ಟೆಡ್ ಬೈ: ಮೂರನೇ ಲೈನು’ ಎಂದೇ ಹಾಕಿದ್ದೇನೆ.

ಹೊಸ ಡ್ರೈವರಿನ ಜೊತೆ ಪಾಸ್‌ವರ್ಡ್ ಕೇಳದೆ ತಕ್ಷಣ ಮುಚ್ಚುವ ಹಸಿರು ಬಟನ್ ಒಂದನ್ನೂ ಮಾಡಿಕೊಟ್ಟಿದ್ದೆ. ನಿನ್ನೆ ಫೋಟೊ ನೋಡಿ, ‘ಹಸಿರು ಬಟನ್ ಹೇಗಿದೆ ಅಣ್ಣ?’ ಎಂದು ಕೇಳಿದೆ. ಐದು ನಿಮಿಷ ಬಿಟ್ಟು ಉತ್ತರ ಬಂತು.

‘ಅದನ್ನ ಯಾರೂ ಮುಟ್ಟಿಲ್ಲ ಮೇಡಂ. ಮೂರು ಶಿಫ್ಟಲ್ಲೂ ಕೆಂಪೇ ಒತ್ತೋದು.’