ಅವ್ವನ ತಲೆಯ ಚಿಕಿತ್ಸೆ: ಅಣ್ಣನಿಗೆ ಬರೆದ ಪತ್ರ

ಮ್ಯಾಂಚೆಸ್ಟರ್

ಅಣ್ಣ, ವೈನಿ, ಇಬ್ಬರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ತೆಗೆಸಿದ ಅವ್ವನ ಆಂಜಿಯೋಗ್ರಾಮ್, ಅಂದರೆ ತಲೆಯ ರಕ್ತನಾಳಗಳ ಚಿತ್ರ, ನೋಡಿದೆ. ಫೋನಿನಲ್ಲಾದರೆ ಪಕ್ಕದಲ್ಲೇ ಅವ್ವ ಕೂತಿರುತ್ತಾಳೆ, ಎಲ್ಲವನ್ನೂ ಹೇಳಲಾಗುವುದಿಲ್ಲ. ಅದಕ್ಕೇ ಈ ಪತ್ರ.

ಅವ್ವನ ಬಲಗಣ್ಣು ಮಂಜಾಗಿದ್ದು ಪೊರೆಯಿಂದಲ್ಲ. ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಕಣ್ಣಿನ ಹಿಂದೆ ಒಂದು ಕಡೆ ಉಬ್ಬಿ, ಕಣ್ಣಿನ ನರವನ್ನು ಒತ್ತುತ್ತಿದೆ. ಒಡೆದಿಲ್ಲ, ಅದೇ ದೊಡ್ಡ ಸಮಾಧಾನ. ನೂರು ಜನರಲ್ಲಿ ಸುಮಾರು ಮೂವರಿಗೆ ಇಂಥ ಉಬ್ಬು ಇರುತ್ತದೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಅವ್ವನ ಉಬ್ಬು ದೊಡ್ಡದು, ನಾಳಕ್ಕೆ ತೆರೆದುಕೊಂಡ ಅದರ ಬಾಯಿಯೂ ಅಗಲ. ಸುಮ್ನೆ ಬಿಡುವಂಥದ್ದಲ್ಲ.

ಕಾಯಿಲ್ ಯಾಕೆ ಬೇಡ ಎಂದು ಕಾಕಾ ಕೇಳಿದರಂತೆ. ಸರಿಯಾದ ಪ್ರಶ್ನೆ. ಅದು ಉಬ್ಬಿನೊಳಗೆ ತುಂಬುವ ಪ್ಲಾಟಿನಮ್ ಸುರುಳಿ. 1990ರಲ್ಲಿ ಗುಗ್ಲಿಯೆಲ್ಮಿ ಎಂಬ ಇಟಲಿಯ ಡಾಕ್ಟರು ಲಾಸ್ ಏಂಜಲೀಸ್‌ನಲ್ಲಿ ಮೊದಲು ಬಳಸಿದ್ದು. ಉಬ್ಬಿನ ಬಾಯಿ ಕಿರಿದಾಗಿದ್ದರೆ ಸುರುಳಿ ಒಳಗೇ ಕೂರುತ್ತದೆ. ಅಗಲ ಇದ್ದರೆ ಮುಖ್ಯ ನಾಳದೊಳಗೆ ಜಾರುವ ಭಯ. ಸ್ಟೆಂಟ್ ಆಸರೆ ಕೊಟ್ಟು ಹಾಕಬಹುದು, ಆದರೂ ದೊಡ್ಡ ಉಬ್ಬು ಮತ್ತೆ ತೆರೆದುಕೊಳ್ಳುವುದು ಜಾಸ್ತಿ.

ಅದಕ್ಕೆ ಅಲ್ಲಿನ ಡಾಕ್ಟರು ಫ್ಲೋ ಡೈವರ್ಟರ್ ಹೇಳಿದ್ದಾರೆ. ನನಗೂ ಅದೇ ಸರಿ ಅನಿಸುತ್ತದೆ. ತೊಡೆಯ ಸಂದಿಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಗೆ ತೂರಿಸಿ, ತುಂಬ ಒತ್ತಾದ ಜಾಲರಿಯ ಕೊಳವೆಯನ್ನು ಮುಖ್ಯ ನಾಳದಲ್ಲೇ ಕೂರಿಸುತ್ತಾರೆ. ಉಬ್ಬಿನೊಳಗೆ ಏನನ್ನೂ ತುಂಬಬೇಕಿಲ್ಲ. ನಮ್ಮ ಮುಧೋಳದ ಹೊಲದ ಹತ್ತಿರ ಕಾಲುವೆ ಮಗ್ಗುಲು ಕೊರೆದು ಗುಂಡಿಯಾಗಿತ್ತಲ್ಲ, ದಂಡೆ ಕಟ್ಟಿದ ಮೇಲೆ ನೀರು ನೇರ ಹರಿದು ಗುಂಡಿ ತಾನಾಗಿ ಹೂಳು ತುಂಬಿತು. ಇಲ್ಲೂ ಹಾಗೇ. ಉಬ್ಬಿನಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ, ಜಾಲರಿಯ ಮೇಲೆ ನಾಳದ ಒಳಪದರ ಬೆಳೆಯುತ್ತದೆ. ತಿಂಗಳುಗಳೇ ಬೇಕು. ಕಣ್ಣು ಮರುದಿನವೇ ಸರಿಯಾಗಲಿಲ್ಲ ಎಂದು ಯಾರೂ ಗಾಬರಿಯಾಗಬೇಡಿ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಇಂಥದೇ ದೊಡ್ಡ, ಅಗಲ ಬಾಯಿಯ ಉಬ್ಬುಗಳಿಗೆ.

ಅಣ್ಣ, ಈಗ ಹೇಳುವುದನ್ನು ವೈನಿಗೂ ಓದಿ ಹೇಳು. ತಲೆ ಬಿಚ್ಚುವುದಿಲ್ಲ ಎಂದರೆ ಸಣ್ಣ ಕೆಲಸ ಎಂದಲ್ಲ. ಲೋಹದ ಜಾಲರಿ ಮೇಲೆ ರಕ್ತ ಹೆಪ್ಪುಗಟ್ಟಿದರೆ ಪಾರ್ಶ್ವವಾಯು ಹೊಡೆಯಬಹುದು. ಅದಕ್ಕೇ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಕೊಡುತ್ತಾರೆ, ಚಿಕಿತ್ಸೆಗೆ ಕೆಲವು ದಿನ ಮೊದಲೇ ಶುರು ಮಾಡಿ ತಿಂಗಳುಗಟ್ಟಲೆ. ಕೆಲವರ ಮೈಗೆ ಕ್ಲೋಪಿಡೋಗ್ರೆಲ್ ಸರಿಯಾಗಿ ಹಿಡಿಯುವುದಿಲ್ಲ. ರಕ್ತ ಪರೀಕ್ಷೆ ಮಾಡುತ್ತೀರಾ ಎಂದು ಕೇಳು. ಇಂಥ ನಳಿಗೆ ಚಿಕಿತ್ಸೆ ಮಾಡುವ ನಮ್ಮ ಕ್ಯಾಥ್‌ಲ್ಯಾಬಿನಲ್ಲಿ ನಾನು ಪ್ರತಿ ರೋಗಿಯನ್ನು ಮೊದಲು ಕೇಳುವುದೇ ಮಾತ್ರೆ ತಪ್ಪಿಸಿದ್ದೀರಾ ಎಂದು.

ಅವ್ವನ ಸ್ವಭಾವ ನಮಗೆ ಗೊತ್ತು. ಮೈ ಹಗುರಾಯಿತು ಎಂದು ಬೀಪಿ ಮಾತ್ರೆಯನ್ನೇ ಬಿಟ್ಟವಳು. ಈ ಸಲ ಹಾಗಾಗಬಾರದು. ಬೆಳಗಿನ ರೊಟ್ಟಿ ಆದ ಕೂಡಲೇ ವೈನಿ ಎದುರಿಗೆ ನಿಂತು ನುಂಗಿಸಲಿ. ಹಲ್ಲು ಕೀಳಬೇಕು ಎಂದು ಯಾರಾದರೂ ಮಾತ್ರೆ ನಿಲ್ಲಿಸಲು ಹೇಳಿದರೆ, ಬೆಳಗಾವಿಗೆ ಫೋನ್ ಮಾಡದೆ ಒಪ್ಪಬೇಡಿ. ಮಲ ಕಪ್ಪಾದರೆ, ಮೂಗಿನಿಂದ ರಕ್ತ ನಿಲ್ಲದಿದ್ದರೆ ಕೂಡಲೇ ತಿಳಿಸಿ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬಂದರೆ ಬೆಳಗಾಗುವ ತನಕ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ನಮ್ಮ ಆಯಿ ಹಾಗೇ ತಲೆನೋವೆಂದು ಕುಸಿದು ಹೋದಳಲ್ಲ, ಅದನ್ನೂ ಡಾಕ್ಟರಿಗೆ ಹೇಳು. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಬರುತ್ತದೆ. ನಮ್ಮಿಬ್ಬರಿಗೂ ಸ್ಕ್ಯಾನ್ ಬೇಕೋ ಎಂದು ಅವರೇ ಹೇಳಲಿ. ಅಣ್ಣ, ನೀನು ಸಿಗರೇಟು ಬಿಡಲೇಬೇಕು. ಉಬ್ಬು ಒಡೆಯಲು ಸಿಗರೇಟು, ಬೀಪಿ ಎರಡೂ ದೊಡ್ಡ ಕಾರಣ.

ಅವ್ವನ ಸಕ್ಕರೆ ಮತ್ತು ಕಿಡ್ನಿ ರಿಪೋರ್ಟ್ ಕಳಿಸು, ಆಂಜಿಯೋಗ್ರಾಮಿನ ಬಣ್ಣದ ಔಷಧಿಗೆ ಅದು ಮುಖ್ಯ. ದಿನ ಗೊತ್ತಾದ ತಕ್ಷಣ ತಿಳಿಸು. ನಾನು ರಜೆ ಹಾಕಿ ಬರುತ್ತೇನೆ.

ನಿನ್ನ ತಂಗಿ