ಅವರ ಮಣ್ಣಿಗೆ ಕೈ ಹಾಕಬೇಡ

ಮಂಗಳೂರು
ಸೋಮವಾರ ಮಧ್ಯಾಹ್ನ

ಪ್ರೀತಿಯ ಚಿನ್ನು,

ನಿನ್ನೆ ನೀನು ಫೋನ್ ಮಾಡಿದಾಗ ನನ್ನ ಎರಡೂ ಕೈ ಮೊಣಕೈವರೆಗೆ ಮಣ್ಣಾಗಿತ್ತು. ಸ್ಪೀಕರ್ ಒತ್ತಿದ್ದು ಮೂಗಿನಿಂದ. ಅದಕ್ಕೇ ನೀನು ಕೇಳಿದ್ದಕ್ಕೆಲ್ಲ ಬರೀ ಹೂಂ ಅಂದೆ. ಈಗ ಕೈ ತೊಳೆದುಕೊಂಡು ಕೂತಿದ್ದೇನೆ. ಹೊರಗೆ ಮಳೆ, ಏನು ಮಾಡಿದರೂ ಒಣಗದ ದಿನ. ಪತ್ರ ಬರೆಯಲು ಒಳ್ಳೇ ಹೊತ್ತು.

ಬೆಂಗಳೂರಲ್ಲಿ ಶೆಡ್ ಸಿಕ್ಕಿತು, ಮಣ್ಣಿನ ಸಾಮಾನು ಸುಡುವ ಕರೆಂಟಿನ ಗೂಡು ಬಂತು, ಎಂಟು ಜನ ಹೆಸರು ಕೊಟ್ಟಿದ್ದಾರೆ, ಮುಂದಿನ ತಿಂಗಳಿಂದ ಶನಿವಾರ ಭಾನುವಾರ ಕ್ಲಾಸು ಅಂದೆ. ಸಂತೋಷ ಮಾರಾಯ್ತಿ. ರಾತ್ರಿ ನಿಮ್ಮಮ್ಮನೂ ಫೋನ್ ಮಾಡಿದ್ದಳು. ‘ಇಂಜಿನಿಯರಿಂಗ್ ಓದಿದ ಹುಡುಗಿ ಮಣ್ಣು ಕಲಸ್ತೀನಿ ಅಂತ ಕೂತಿದ್ದಾಳೆ, ಎಲ್ಲ ನಿನ್ನಿಂದಲೇ ಅಕ್ಕಾ’ ಅಂದಳು. ಬೈದದ್ದೋ ಹೊಗಳಿದ್ದೋ ಗೊತ್ತಾಗಲಿಲ್ಲ. ಎರಡಕ್ಕೂ ಇರಲಿ ಅಂತ ನಕ್ಕೆ.

ನೀನು ಕೇಳಿದ್ದು ಫೀಸು ಎಷ್ಟಿಡಲಿ ಅಂತ. ಅದಕ್ಕೆ ಆಮೇಲೆ ಬರುತ್ತೇನೆ. ನೀನು ಕೇಳದ ಒಂದು ಮಾತು ಮೊದಲು. ಕಲಿಯಲು ಬಂದವರ ಮಣ್ಣಿಗೆ ನೀನು ಕೈ ಹಾಕಬೇಡ.

ನಗಬೇಡ. ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ನಿನ್ನ ಕಣ್ಣೆದುರಿಗೆ ಒಬ್ಬರು ಕಿವಿಯನ್ನು ಕಣ್ಣಿನ ಪಕ್ಕದಲ್ಲೇ ಅಂಟಿಸುತ್ತಿರುತ್ತಾರೆ. ನಿನಗೆ ಅದು ಎರಡು ನಿಮಿಷದ ಕೆಲಸ. ಬೆರಳು ತಾನಾಗಿಯೇ ಮುಂದೆ ಹೋಗುತ್ತದೆ. ನಂದೂ ಹೋಗಿತ್ತು.

ನಾನು ಕ್ಲಾಸು ಶುರು ಮಾಡಿದ ಎರಡನೇ ವರ್ಷ. ಒಬ್ಬ ನರ್ಸ್ ಬರುತ್ತಿದ್ದರು, ನಲವತ್ತರ ಆಸುಪಾಸು. ನೈಟ್ ಡ್ಯೂಟಿ ಮುಗಿಸಿ ನೇರ ಇಲ್ಲಿಗೇ. ತೀರಿಹೋದ ತಂದೆಯ ತಲೆ ಮಾಡುತ್ತಿದ್ದರು. ಫೋಟೋ ಇಲ್ಲ, ಎಲ್ಲ ನೆನಪಿನಿಂದ. ಮೂರು ಶನಿವಾರ ಕೂತು ಹಣೆ, ಕೆನ್ನೆ, ಗಲ್ಲ ಎಲ್ಲ ಚೆನ್ನಾಗಿ ತಂದಿದ್ದರು. ಮೂಗು ಮಾತ್ರ ಸೊಟ್ಟ. ಮೂಗಿನ ಮೂಳೆ ಎಡಕ್ಕೆ ವಾಲಿ, ಮಧ್ಯದಲ್ಲಿ ಒಂದು ಗಂಟು. ಅವತ್ತು ರಾತ್ರಿ ಎಲ್ಲರ ಕೆಲಸಕ್ಕೆ ಒದ್ದೆ ಬಟ್ಟೆ ಹೊದಿಸುತ್ತಾ ಬಂದವಳು ಅಲ್ಲಿ ನಿಂತೆ. ಪಾಪ, ಇಷ್ಟು ಕಷ್ಟಪಟ್ಟಿದ್ದಾರೆ, ಇದೊಂದು ಸರಿ ಮಾಡಿಬಿಡೋಣ ಅಂತ ಸ್ಪಂಜಲ್ಲಿ ಸ್ವಲ್ಪ ನೀರು ಒತ್ತಿ, ಹೆಬ್ಬೆರಳಿಂದ ಗಂಟು ಇಳಿಸಿ, ಮೂಗು ನೆಟ್ಟಗೆ ಮಾಡಿದೆ. ನೋಡಲು ತುಂಬಾ ಚೆಂದ ಬಂತು. ಮನಸ್ಸಲ್ಲೇ ಬೆನ್ನು ತಟ್ಟಿಕೊಂಡೆ.

ಮುಂದಿನ ವಾರ ಅವರು ಬಟ್ಟೆ ತೆಗೆದರು. ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: ‘ಅಪ್ಪನ ಮೂಗು ಹಾಗೇ ಇತ್ತು ಮೇಡಂ. ಸೈಕಲ್ಲಿಂದ ಬಿದ್ದು ಮುರಿದಿತ್ತು.’

ಅವರೇನೂ ಜಗಳ ಮಾಡಲಿಲ್ಲ. ಹೆಬ್ಬೆರಳಲ್ಲಿ ಒತ್ತಿ ಆ ಗಂಟು ಮತ್ತೆ ತರಲು ನೋಡಿದರು, ಬರಲಿಲ್ಲ. ತಲೆಯನ್ನು ಎತ್ತಿಕೊಂಡು ಹೋಗಿ ಮಣ್ಣು ನೆನೆಹಾಕುವ ಟಬ್ಬಿಗೆ ಇಳಿಸಿದರು. ಮಗುವನ್ನು ನೀರಿಗೆ ಇಳಿಸುವ ಹಾಗೆ, ನಿಧಾನ. ಕಟ್ಟಿದ ಫೀಸು ಮುಗಿಯುವವರೆಗೆ ಬಂದರು, ನಾಲ್ಕು ಬಟ್ಟಲು ಮಾಡಿದರು. ತಲೆ ಮಾತ್ರ ಇನ್ನೊಮ್ಮೆ ಮುಟ್ಟಲಿಲ್ಲ. ಆ ಬಟ್ಟಲುಗಳಿಗೆ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಹಾಕುವಾಗೆಲ್ಲ ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀಯ. ನಿನ್ನದೇ ಒಂದು ಮುದ್ದೆ ಮಣ್ಣು ಪಕ್ಕದಲ್ಲಿ ಇಟ್ಟುಕೋ. ಕಿವಿ ಹೇಗೆ ಕೂರುತ್ತದೆ ಅಂತ ಅದರಲ್ಲಿ ತೋರಿಸು, ತೋರಿಸಿ ಮುದ್ದೆ ಮಾಡಿಬಿಡು. ಇಲ್ಲವಾದರೆ ಅವರ ಹಲಗೆಯನ್ನು ಅರ್ಧ ಸುತ್ತು ತಿರುಗಿಸಿ ಹಿಂದಿನಿಂದ ನೋಡಲು ಹೇಳು. ಎಷ್ಟೋ ತಪ್ಪು ಹಿಂದಿನಿಂದಲೇ ಕಾಣುತ್ತದೆ. ‘ಇಲ್ಲಿ ಯಾಕೆ ಹೀಗೆ?’ ಅಂತ ಕೇಳು, ಕೇಳಿ ಸುಮ್ಮನಿರು. ಸುಮ್ಮನಿರುವುದು ನಮ್ಮ ಮನೆತನಕ್ಕೆ ಆಗಿಬರುವುದಿಲ್ಲ, ಗೊತ್ತು. ಕಲಿ.

ನನ್ನ ಮೇಷ್ಟ್ರಿಗೆ ಅದು ಚೆನ್ನಾಗಿ ಬರುತ್ತಿತ್ತು. ಮೊದಲ ಮೂರು ವಾರ ಬರೀ ಮಣ್ಣು ನಾದಿಸಿದರು. ನಾದಿದ ಮುದ್ದೆ ಟಗರಿನ ಮುಖದ ಹಾಗೆ ಕಾಣಬೇಕು, ಇಲ್ಲವಾದರೆ ಮತ್ತೆ ನಾದು. ನಾಲ್ಕನೇ ವಾರ ತಿಗರಿಗೆ ಕೂರಿಸಿದರು. ಇಡೀ ದಿನ ಒದ್ದಾಡಿ ಒಂದು ಲೋಟದಂಥದ್ದು ಎತ್ತಿದೆ. ಅವರು ಬಂದು ನೋಡಿ, ಮಾತಿಲ್ಲದೆ ನನ್ನ ಕೈಗೆ ತಂತಿ ಕೊಟ್ಟರು. ಕತ್ತರಿಸು ಅಂತ. ನಾನೇ ಕತ್ತರಿಸಬೇಕು, ಮೇಲಿಂದ ಕೆಳಕ್ಕೆ ಸರಿಯಾಗಿ ಎರಡು ಹೋಳು. ತಳ ಹೆಬ್ಬೆರಳಿನಷ್ಟು ದಪ್ಪ, ಬಾಯಿ ಹಪ್ಪಳದಷ್ಟು ತೆಳು. ‘ಕಂಡಿತಾ?’ ಅಂದರು, ಹೋದರು. ಇಪ್ಪತ್ತಕ್ಕೂ ಜಾಸ್ತಿ ಲೋಟ ಹಾಗೆ ಸೀಳಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನಮ್ಮಲ್ಲಿ ಕುಂಬಾರನೇ ದೊಣ್ಣೆ ಹಿಡಿದಿದ್ದ. ಆದರೆ ಒಂದು ಸಲವೂ ಅವರ ಬೆರಳು ನನ್ನ ಮಣ್ಣಿಗೆ ತಾಗಲಿಲ್ಲ. ಕೆಟ್ಟದ್ದೂ ನಂದೇ, ಸರಿಯಾದದ್ದೂ ನಂದೇ.

ಇನ್ನೊಂದು, ಅವರು ಕೆಲಸ ಮಾಡುತ್ತಿದ್ದುದು ನಾವಿದ್ದ ಕೋಣೆಯಲ್ಲೇ. ಒಂದು ದಿನ ಎರಡು ತಿಂಗಳಿಂದ ಕಟ್ಟುತ್ತಿದ್ದ ಕುದುರೆಯ ಹೊಟ್ಟೆ ನಮ್ಮೆದುರಿಗೇ ಕುಸಿದು ಕೂತಿತು. ಮೇಷ್ಟ್ರು ಹೊರಗೆ ಹೋಗಿ ಚಾ ಕುಡಿದು ಬಂದರು. ಮಣ್ಣು ಗುಡ್ಡೆ ಹಾಕಿದರು. ಮತ್ತೆ ಕಾಲಿನಿಂದ ಶುರು. ಅವತ್ತು ಕಲಿತಷ್ಟು ನಾನು ಯಾವ ಪಾಠದಲ್ಲೂ ಕಲಿತಿಲ್ಲ.

ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿ ಹೆಸರು ನೀನು ಕೇಳಿರುತ್ತೀಯ. ಡೆಬೊರಾ ಸ್ಮಿತ್, ರೇ ಮೀಕರ್ ಅಂತ ಇಬ್ಬರು ಅಮೆರಿಕದವರು 1971ರಲ್ಲಿ ಕಟ್ಟಿದ್ದು. ಇವತ್ತು ದೇಶದಲ್ಲಿ ಸ್ಟೋನ್‌ವೇರ್ (ಜಾಸ್ತಿ ಬಿಸಿಗೆ ಸುಟ್ಟ ಗಟ್ಟಿ ಸಾಮಾನು) ಮಾಡುವ ಎಷ್ಟೋ ಜನ ಅಲ್ಲಿ ಕಲಿತವರು, ಇಲ್ಲವೇ ಅಲ್ಲಿ ಕಲಿತವರ ಹತ್ತಿರ ಕಲಿತವರು. ಆ ಮೀಕರ್ ಒಂದು ಕಾಲಕ್ಕೆ ಹಸಿಮಣ್ಣಿನ ಇಟ್ಟಿಗೆಯಿಂದ ಇಡೀ ಮನೆ ಕಟ್ಟಿ, ಒಳಗೆ ಇಟ್ಟಿಗೆ ತುಂಬಿ, ಮನೆಯನ್ನೇ ಗೂಡು ಮಾಡಿ ಸುಡುತ್ತಿದ್ದರು. ಸುಟ್ಟ ಮೇಲೆ ಒಳಗಿನದ್ದು ತೆಗೆದರೆ ವಾಸಕ್ಕೆ ಮನೆ! ಕಲಿಸುವವನೇ ಇಂಥ ಹುಚ್ಚಿಗೆ ಕೈ ಹಾಕಿದರೆ ಕಲಿಯುವವರಿಗೆ ಭಯ ಎಲ್ಲಿರುತ್ತದೆ ಹೇಳು.

ಹಾಗಂತ ನಿನ್ನ ಹುಚ್ಚಿಗೆ ಅವರ ಕೆಲಸ ಬಲಿ ಕೊಡಬೇಡ. ನಾನು ಕೊಟ್ಟಿದ್ದೇನೆ.

ಒಂದು ಹೋಟೆಲಿನವರು ಕಂಬಳದ ಕೋಣದ ತಲೆ ಕೇಳಿದ್ದರು. ಜುಲೈ ತಿಂಗಳು. ನಮ್ಮ ಜುಲೈ ಗೊತ್ತಲ್ಲ, ಉಪ್ಪಿನ ಡಬ್ಬಿಯೂ ಒಸರುತ್ತದೆ. ಕತ್ತನ್ನು ಒಳಗಿನಿಂದ ಸರಿಯಾಗಿ ಕೆರೆದು ಟೊಳ್ಳು ಮಾಡಿರಲಿಲ್ಲ, ಎರಡಿಂಚು ದಪ್ಪ ಹಾಗೇ ಉಳಿದಿತ್ತು. ಮೇಲೆ ಮುಟ್ಟಿದರೆ ಒಣಗಿದ ಹಾಗಿತ್ತು. ಹೋಟೆಲಿನಿಂದ ದಿನಾ ಫೋನು. ಒಂಬತ್ತನೇ ದಿನ ಗೂಡಿಗೆ ಏರಿಸಿದೆ. ಜಾಗ ಸುಮ್ನೆ ಹಾಳಾಗುವುದೇಕೆ ಅಂತ ಸುತ್ತ ಕಲಿಯುವವರ ಹದಿನಾಲ್ಕು ಸಾಮಾನೂ ಜೋಡಿಸಿದೆ. ಸಂಜೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ. ಢಬ್ ಅಂತ ಕೇಳಿತು. ತೆಂಗಿನಕಾಯಿ ಬಿತ್ತು ಅಂದುಕೊಂಡೆ. ಎರಡನೇ ಢಬ್ಬಿಗೆ ಗೊತ್ತಾಯಿತು.

ಗಾಳಿಗುಳ್ಳೆ ಇದ್ದರೆ ಒಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಗೆ ಸುಮ್ನೆ ಕೆಟ್ಟ ಹೆಸರು. ಒಡೆಯುವುದು ನೀರು. ನೂರು ಡಿಗ್ರಿ ದಾಟಿದರೆ ನೀರು ಆವಿಯಾಗಿ 1,600 ಪಟ್ಟು ಜಾಗ ಕೇಳುತ್ತದೆ. ದಪ್ಪ ಮಣ್ಣಿನ ಹೊಟ್ಟೆಯೊಳಗೆ ಅದಕ್ಕೆ ದಾರಿ ಎಲ್ಲಿ? ಗೂಡು ತಣಿದ ಮೇಲೆ ಮುಚ್ಚಳ ತೆಗೆದರೆ ಕೋಣದ ಕೊಂಬು ಯಾರದೋ ದೀಪದ ಕಂಬಕ್ಕೆ ಚುಚ್ಚಿ ನಿಂತಿತ್ತು. ಹದಿನಾಲ್ಕರಲ್ಲಿ ಹನ್ನೊಂದು ಹೋಗಿತ್ತು.

ಗುಡಿಸಿ ಮುಚ್ಚಿಹಾಕೋಣ ಅಂತ ಒಂದು ಕ್ಷಣ ಅನಿಸಿತು, ಸುಳ್ಳು ಹೇಳುವುದಿಲ್ಲ. ಕರೆಂಟು ಹೋಗಿತ್ತು ಅಂದಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ಹಾಗೇ ಬಿಟ್ಟೆ. ಶನಿವಾರ ಎಲ್ಲರನ್ನೂ ಗೂಡಿನ ಸುತ್ತ ನಿಲ್ಲಿಸಿ, ಚೂರು ಒಂದೊಂದೇ ಎತ್ತಿ, ಇದು ನನ್ನ ಅವಸರ ಅಂತ ಹೇಳಿದೆ. ನಿವೃತ್ತ ಬ್ಯಾಂಕ್ ಅಧಿಕಾರಿ ಒಬ್ಬರು ಸೊಂಡಿಲು ಹೋದ ತಮ್ಮ ಆನೆಯನ್ನು ಎತ್ತಿಕೊಂಡು, ‘ಪರವಾಗಿಲ್ಲ ಮೇಡಂ, ಹಂದಿ ಅಂತ ಇಟ್ಟುಕೊಳ್ಳುತ್ತೇನೆ’ ಅಂದರು. ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ.

ಅದಕ್ಕೇ ಹೇಳುವುದು. ಬೆರಳನ್ನು ನಂಬಬೇಡ, ಕೆನ್ನೆಗೆ ತಾಗಿಸಿ ನೋಡು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಅನುಮಾನ ಇದ್ದರೆ ಗೂಡಿನ ಮುಚ್ಚಳ ಒಂದಿಂಚು ಎತ್ತಿಟ್ಟು, 80-90 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡು. ಇಳಿಸುವಾಗಲೂ ಅವಸರ ಬೇಡ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಅಂಶ 573 ಡಿಗ್ರಿ ಹತ್ತಿರ ಒಮ್ಮೆಗೇ ಕುಗ್ಗುತ್ತದೆ. ಆಗ ತಣ್ಣನೆ ಗಾಳಿ ತಾಗಿತೋ, ಟಿಂಗ್ ಅಂತ ಒಂದು ಸದ್ದು, ಕೂದಲೆಳೆಯಷ್ಟು ಬಿರುಕು. ‘ಮೇಡಂ ಒಂಚೂರು ತೆಗೆದು ನೋಡೋಣ್ವಾ’ ಅಂತ ಎಂಟೂ ಜನ ಕೇಳುತ್ತಾರೆ. ಗೂಡಿನ ಮುಂದೆ ಕುರ್ಚಿ ಹಾಕಿ ಕೂತುಬಿಡು.

ಮಣ್ಣಿನ ವಿಷಯ. ಯಾರೋ ಒಬ್ಬರು ಅಜ್ಜಿ ಮನೆ ಗದ್ದೆಯಿಂದ ಮಣ್ಣು ತಂದೇ ತರುತ್ತಾರೆ. ಬೇಡ ಅನ್ನಬೇಡ, ಆದರೆ ಅದನ್ನು ಸ್ಟೋನ್‌ವೇರ್ ಜೊತೆ ಏರಿಸಬೇಡ. ನಮ್ಮ ಕೆಂಪು ಮಣ್ಣು 900-1000 ಡಿಗ್ರಿಗೆ ರಾಣಿ. ಸ್ಟೋನ್‌ವೇರ್ ಸುಡುವ 1,240ಕ್ಕೆ ಒಯ್ದರೆ ಬೆಲ್ಲದ ಪಾಕದ ಹಾಗೆ ಕರಗಿ ಗೂಡಿನೊಳಗಿನ ಹಲಗೆಗೆ ಅಂಟುತ್ತದೆ. ಒಬ್ಬ ಹುಡುಗನ ಮೊಲ ಹಾಗೆ ದೋಸೆಯಾಗಿದೆ, ಆ ಹಲಗೆ ಈಗಲೂ ಇಲ್ಲಿದೆ. ಹೊಸ ಮಣ್ಣು ಬಂದರೆ ಒಂದು ಬಿಲ್ಲೆ ಮಾಡಿ, ಹಳೇ ಬಟ್ಟಲಲ್ಲಿಟ್ಟು ಸುಟ್ಟು ನೋಡು.

ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ಇಲ್ಲಿನ ನದಿ ದಂಡೆಯ ಮಣ್ಣು ನೆಚ್ಚಿಕೊಂಡು. ನಮ್ಮ ಪಕ್ಕದ ಮನೆಯ ಮೇಸ್ತ್ರಿ ಅಜ್ಜ, ಹೆಂಚಿನ ಕೆಲಸದಲ್ಲೇ ಆಯುಷ್ಯ ಕಳೆದವರು, ಗೆಣ್ಣಿನಿಂದ ಒಂದು ತಟ್ಟು ತಟ್ಟಿ ಯಾವ ಹೆಂಚು ಒಳಗೆ ಸೀಳಿದೆ ಅಂತ ಹೇಳುತ್ತಿದ್ದರು. ನಾನು ಈಗಲೂ ನನ್ನ ಕೆಲಸವನ್ನು ಹಾಗೇ ತಟ್ಟಿ ಕೇಳುತ್ತೇನೆ. ನಿನ್ನ ಎಂಟು ಜನರನ್ನು ಒಂದು ದಿನ ಕುಂಬಾರರ ಕೇರಿಗೆ ಕರೆದುಕೊಂಡು ಹೋಗು, ಪಾಟರಿ ಟೌನ್ ನಿನಗೆ ಹತ್ತಿರವೇ ಅಲ್ವಾ. ಸುಮ್ನೆ ಫೋಟೋ ಹೊಡೆದು ಬರಬೇಡಿ. ಅವರ ಅರ್ಧ ದಿನದ ಕೂಲಿ ಕೊಡಿ, ಏನಾದರೂ ಕೊಂಡು ಬನ್ನಿ. ಮಣ್ಣನ್ನು ನಾವೇ ಕಂಡುಹಿಡಿದವರ ಹಾಗೆ ಮಾತಾಡುವ ಚಾಳಿ ನಮ್ಮ ಕಲಾ ಶಾಲೆಯವರಿಗಿದೆ, ನನಗೂ ಇತ್ತು.

ದೂಳಿನ ಬಗ್ಗೆ ಬೈದೇ ಹೇಳುತ್ತೇನೆ. ಒಣ ನೆಲಕ್ಕೆ ಪೊರಕೆ ಹಾಕಬೇಡ. ಒದ್ದೆ ಬಟ್ಟೆಯಲ್ಲಿ ಒರೆಸು. ಮಣ್ಣಿನ ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಗ್ಲೇಜ್ ಪುಡಿ ಕಲಸುವಾಗ ಮಾಸ್ಕ್ ಹಾಕು. ಸೀಸದ ಗ್ಲೇಜ್ ಶೆಡ್ಡಿನೊಳಗೇ ಬೇಡ. ಮುಗಿಯಿತು.

ಈಗ ಫೀಸು. ಮಣ್ಣು, ಗ್ಲೇಜ್, ಎರಡು ಸಲದ ಸುಡುವಿಕೆ, ಬಾಡಿಗೆ, ನಿನ್ನ ಎರಡು ದಿನ, ಇಷ್ಟನ್ನೂ ಕೂಡಿಸಿ ಎಂಟರಿಂದ ಭಾಗಿಸು. ಬಂದದ್ದನ್ನು ನಾಚಿಕೆಪಡದೆ ಹೇಳು. ಸುಡುವುದಕ್ಕೆ ಸಾಮಾನಿನ ಗಾತ್ರ ನೋಡಿ ಬೇರೆ ಲೆಕ್ಕ ಇಡು, ಇಲ್ಲವಾದರೆ ಒಬ್ಬರ ಹೂಜಿಯೇ ಗೂಡು ತುಂಬುತ್ತದೆ. ಮೊದಲ ತಿಂಗಳು ಯಾರೂ ಏನೂ ಮನೆಗೆ ಒಯ್ಯುವುದಿಲ್ಲ ಅಂತ ಮೊದಲ ದಿನವೇ ಹೇಳು. ಒಂದಡಿ ಮಾಡಿದ್ದು ಸುಟ್ಟು ಬರುವಾಗ 11 ಇಂಚಿಗೂ ಕಮ್ಮಿ ಆಗುತ್ತದೆ ಅಂತಲೂ ಹೇಳು. ನನ್ನದನ್ನು ಯಾರೋ ಬದಲಾಯಿಸಿದ್ದಾರೆ ಅನ್ನುವವರು ಇರುತ್ತಾರೆ.

ಕ್ಲಾಸಿನ ದುಡ್ಡು ರುಚಿ ಹತ್ತಿಸುತ್ತದೆ. ಒಂದು ಕಾಲಕ್ಕೆ ನನ್ನಲ್ಲಿ ವಾರಕ್ಕೆ 22 ಜನ ಬರುತ್ತಿದ್ದರು. ಮನೆಗೆ ಹೊಸ ಫ್ರಿಜ್ ಬಂತು. ಎರಡು ವರ್ಷ ನನ್ನದು ಅಂತ ಒಂದೇ ಒಂದು ಶಿಲ್ಪ ಆಗಲಿಲ್ಲ, ನನಗೆ ಅದು ಗೊತ್ತೂ ಆಗಲಿಲ್ಲ. ಹತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು: ‘ಮೇಡಂ, ನೀವು ಏನೂ ಮಾಡಲ್ವಾ?’ ನೋಡಿದರೆ ನನ್ನ ಮೇಜಿನ ಮೇಲೆ ಅವರ ಸಾಮಾನೇ ತುಂಬಿತ್ತು. ಕಲಿಯುವವರ ಮಣ್ಣಿಗೆ ಕೈ ಹಾಕುವ ಚಪಲ ನನಗೆ ಜಾಸ್ತಿ ಇದ್ದದ್ದೂ ಆ ಎರಡು ವರ್ಷದಲ್ಲೇ. ಸ್ವಂತದ್ದು ಇಲ್ಲದ ಕೈ ಬೇರೆಯವರದ್ದಕ್ಕೆ ಹೋಗುತ್ತದೆ. ಮಂಗಳ, ಬುಧ, ಗುರು ಮೂರು ದಿನ ಶೆಡ್ಡಿಗೆ ಬೀಗ, ಒಳಗೆ ನೀನು. ನಿನ್ನ ಮೇಜಿಗೆ ಬೇರೆ ಯಾರ ಬಟ್ಟಲೂ ಬರಬಾರದು.

ಬುಧವಾರ ರಾತ್ರಿ ಬಸ್ಸಿಗೆ ಒಂದು ಚೀಲ ಹಾಕುತ್ತೇನೆ. ಹತ್ತು ಕಿಲೋ ಹೆಂಚಿನ ಪುಡಿ ಇದೆ, ದೊಡ್ಡ ಕೆಲಸದ ಮಣ್ಣಿಗೆ ಸೇರಿಸು, ಬಿರುಕು ಕಮ್ಮಿಯಾಗುತ್ತದೆ. ಅದರೊಳಗೆ ಪೇಪರಲ್ಲಿ ಸುತ್ತಿದ್ದು ಮೇಷ್ಟ್ರ ತಂತಿ. ಒಂದು ಹಿಡಿ ಮರದ್ದು, ಇನ್ನೊಂದು ಮುರಿದುಹೋಗಿ ನಾನು ಹಳೇ ಟೂತ್‌ಬ್ರಷ್ ಕಟ್ಟಿದ್ದೇನೆ. ಚೀಲ ಭಾರ ಇದೆ, ಆಟೋ ಮಾಡಿಕೊಂಡು ಹೋಗು. ಒದ್ದೆ ಹೊದಿಸಲು ಹಳೇ ಹತ್ತಿ ಸೀರೆಯಷ್ಟು ಒಳ್ಳೇದು ಯಾವುದೂ ಇಲ್ಲ. ನಿಮ್ಮಮ್ಮನ ಹತ್ತಿರ ನಾಲ್ಕು ಕೇಳಿ ತಗೋ. ಯಾಕೆ ಅಂತ ಮಾತ್ರ ಹೇಳಬೇಡ.

ಇತಿ ನಿನ್ನ
ದೊಡ್ಡಮ್ಮ